ಕಾರು ಕಾರ್ಖಾನೆಯ ಕೆಲಸ: ಕೊಡಗಿನ ಓದುಗರ ಪ್ರಶ್ನೆಗಳು

ದೊಡ್ಡ ಕಾರು ತಯಾರಿಕಾ ಕಂಪನಿಗಳಲ್ಲಿನ ಉದ್ಯೋಗದ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಹಿಂದಿನ ಸಂಚಿಕೆಯಲ್ಲಿ ಓದುಗರನ್ನು ಕೋರಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಡಗಿನವು. ಇಂಥ ಕಾರ್ಖಾನೆಯೊಂದರ ಜೋಡಣೆ ವಿಭಾಗದಲ್ಲಿ ದುಡಿದು ಈಗ ಕುಶಾಲನಗರದಲ್ಲಿ ನೆಲೆಸಿರುವ ನಮ್ಮ ಅಂಕಣಕಾರರು ಅವುಗಳಿಗೆ ಇಲ್ಲಿ ಉತ್ತರಿಸಿದ್ದಾರೆ. ಕೇಳಿದವರ ಇಚ್ಛೆಯಂತೆ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನನ್ನ ಮಗ ಐ.ಟಿ.ಐ.ಯಲ್ಲಿ ಫಿಟ್ಟರ್ ಓದು ಮುಗಿಸಿದ್ದಾನೆ. ಚಿಕ್ಕಂದಿನಿಂದಲೂ ತೋಟದ ಜೀಪನ್ನು ಬಿಚ್ಚಿ ಜೋಡಿಸುತ್ತಿದ್ದವನು. ಎಂಜಿನ್ ಎಂದರೆ ಊಟ ನಿದ್ದೆ ಮರೆಯುತ್ತಾನೆ. ಬಿಡದಿಯ ಕಡೆ ಕಾರು ಕಂಪನಿಗೆ ಸೇರಬೇಕೆಂದು ಹಟ ಹಿಡಿದಿದ್ದಾನೆ. ಅಲ್ಲಿ ಅವನ ಇಷ್ಟದ ಕೆಲಸ ಸಿಗುತ್ತದೆಯೆ? ದಿನವಿಡೀ ಅಲ್ಲಿ ಏನು ಮಾಡಬೇಕಾಗುತ್ತದೆ?
– ತಾಯಿ, ಮೂರ್ನಾಡು

ಉತ್ತರ: ನಿಮ್ಮ ಮಗನಿಗೆ ಅಲ್ಲಿ ಕೆಲಸ ಸಿಗಬಹುದು, ಆದರೆ ಜೀಪು ಬಿಚ್ಚುವಾಗ ಅವನಿಗೆ ಸಿಗುತ್ತಿದ್ದ ಸಂತೋಷ ಅಲ್ಲಿ ಸಿಗುವುದು ಕಷ್ಟ. ಕೆಟ್ಟ ಗಾಡಿಯ ಮುಂದೆ ಕುಳಿತು ಎಲ್ಲಿ ಏನಾಗಿದೆ ಎಂದು ತಲೆ ಓಡಿಸುವುದು ಗೋಣಿಕೊಪ್ಪದ ಗ್ಯಾರೇಜಿನ ಕೆಲಸ. ಕಾರ್ಖಾನೆಯಲ್ಲಿ ಆ ಯೋಚನೆಯನ್ನೆಲ್ಲ ಬೇರೆಯವರು ಮೊದಲೇ ಮಾಡಿ ಮುಗಿಸಿರುತ್ತಾರೆ. ಯಾವ ಬೋಲ್ಟನ್ನು ಯಾವ ಕೈಯಲ್ಲಿ ತೆಗೆದುಕೊಳ್ಳಬೇಕು, ಎಷ್ಟು ಹೆಜ್ಜೆ ನಡೆಯಬೇಕು, ಎಷ್ಟು ಬಿಗಿ ಮಾಡಬೇಕು ಎಂಬುದೆಲ್ಲ ಚಿತ್ರಸಮೇತ ಹಾಳೆಯಲ್ಲಿ ಬರೆದು ಕೆಲಸದ ಜಾಗದ ಎದುರಿಗೇ ತೂಗುಹಾಕಿರುತ್ತಾರೆ.

ಒಂದು ಲೆಕ್ಕ ನೋಡಿ. ಊಟ, ಚಹಾದ ಬಿಡುವು ಕಳೆದು ಒಂದು ಶಿಫ್ಟಿನಲ್ಲಿ 450 ನಿಮಿಷ ಕೆಲಸ ನಡೆಯುತ್ತದೆ, ಅಷ್ಟರಲ್ಲಿ 225 ಕಾರು ಹೊರಬರಬೇಕು ಎಂದಿಟ್ಟುಕೊಳ್ಳೋಣ. ಆಗ ಒಂದು ಕಾರಿಗೆ 2 ನಿಮಿಷ ಸಿಕ್ಕಿತು. ಇದಕ್ಕೆ ಲೈನಿನಲ್ಲಿ, ಎಂದರೆ ಕಾರುಗಳು ಸಾಗುವ ಜೋಡಣೆಯ ಸಾಲಿನಲ್ಲಿ, ಟ್ಯಾಕ್ಟ್ ಟೈಮ್ ಎನ್ನುತ್ತಾರೆ. ನಿಮ್ಮ ಮಗನ ಪಾಲಿಗೆ ಮುಂದಿನ ಬಲಬಾಗಿಲಿನ ವೈರಿಂಗ್ ಕೂರಿಸುವ ಕೆಲಸ ಬಂದರೆ, ಆ 2 ನಿಮಿಷದೊಳಗೆ ಅದನ್ನು ಮುಗಿಸಿ ಮುಂದಿನ ಕಾರಿನತ್ತ ತಿರುಗಬೇಕು. ಅದೇ ಕೆಲಸವನ್ನು ಆ ದಿನ 225 ಸಲ ಮಾಡಬೇಕು. ಕಾರು ನಿಲ್ಲುವುದಿಲ್ಲ, ನಿಧಾನವಾಗಿ ಸರಿಯುತ್ತಲೇ ಇರುತ್ತದೆ. ಸೇರಿದ ಮೊದಲ ವಾರಗಳಲ್ಲಿ ಹುಡುಗರು ರಾತ್ರಿ ನಿದ್ದೆಯಲ್ಲಿಯೂ ಕೈ ಆಡಿಸುತ್ತಾರೆ. ಆಮೇಲೆ ಕೈಗೆ ಕೆಲಸ ಒಗ್ಗುತ್ತದೆ, ಮನಸ್ಸು ಬೇರೆಲ್ಲೋ ಇರುತ್ತದೆ. ಬೇಸರ ಶುರುವಾಗುವುದೂ ಆಗಲೇ.

ಈ ಬೇಸರ ಹೊಸದಲ್ಲ. ಅಮೆರಿಕದಲ್ಲಿ ಹೆನ್ರಿ ಫೋರ್ಡ್ 1913ರಲ್ಲಿ ತನ್ನ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲನ್ನು ತಂದಾಗ, ಹನ್ನೆರಡು ಗಂಟೆಗೂ ಮೀರಿ ಹಿಡಿಯುತ್ತಿದ್ದ ಚಾಸಿಸ್ (ಕಾರಿನ ತಳಕಟ್ಟು) ಜೋಡಣೆ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಆದರೆ ಕೆಲಸಗಾರರು ನಿಲ್ಲಲಿಲ್ಲ. ಸೇರಿದವರು ಸೇರಿದಂತೆಯೇ ಬಿಟ್ಟು ಹೋದರು. 1914ರ ಜನವರಿಯಲ್ಲಿ ಅವನು ದಿನಗೂಲಿಯನ್ನು 5 ಡಾಲರಿಗೆ ಏರಿಸಿ, ದುಡಿಮೆಯ ಅವಧಿಯನ್ನು 8 ಗಂಟೆಗೆ ಇಳಿಸಿದ್ದರ ಹಿಂದಿನ ಮುಖ್ಯ ಕಾರಣ ಉದಾರತೆಯಲ್ಲ, ಜನರನ್ನು ಲೈನಿನಲ್ಲಿ ಉಳಿಸಿಕೊಳ್ಳುವುದು. ದೊಡ್ಡ ಕಂಪನಿಯ ಕಾಯಂ ನೌಕರನ ಸಂಬಳ ಊರಿನ ಗ್ಯಾರೇಜಿನ ಸಂಬಳಕ್ಕಿಂತ ಹೆಚ್ಚಿರುವುದರಲ್ಲಿ ಇಂದಿಗೂ ಈ ಬೇಸರದ ಬೆಲೆ ಸೇರಿದೆ ಎಂದು ನಾನು ನಂಬುತ್ತೇನೆ.

ಕಾರ್ಖಾನೆಯೆಲ್ಲ ಒಂದೇ ಬಗೆಯಲ್ಲ ಎಂಬುದನ್ನೂ ಹೇಳಬೇಕು. ಪ್ರೆಸ್ ಶಾಪಿನಲ್ಲಿ ಉಕ್ಕಿನ ಹಾಳೆಗಳನ್ನು ಒತ್ತಿ ಬಾಗಿಲು, ಛಾವಣಿಗಳನ್ನು ಮಾಡುತ್ತಾರೆ. ಅಲ್ಲಿ ಕಿವಿಗೆ ಪ್ಲಗ್ ಇಲ್ಲದೆ ನಿಲ್ಲುವಂತಿಲ್ಲ. ವೆಲ್ಡ್ ಶಾಪಿನಲ್ಲಿ ರೋಬೋಗಳು ಹೆಚ್ಚು, ಮನುಷ್ಯರು ಕಡಿಮೆ. ಎಲೆಕ್ಟ್ರಿಕಲ್ ಮತ್ತು ಮೆಕಾಟ್ರಾನಿಕ್ಸ್ (ಯಂತ್ರ, ಎಲೆಕ್ಟ್ರಾನಿಕ್ಸ್ ಎರಡೂ ಸೇರಿದ ವಿದ್ಯೆ) ಓದಿದವರಿಗೆ ಅದು ಒಳ್ಳೆಯ ಜಾಗ. ಪೇಂಟ್ ಶಾಪಿನ ಶಿಸ್ತು ಎಲ್ಲಕ್ಕಿಂತ ವಿಚಿತ್ರ. ನೂಲು ಉದುರದ ಉಡುಪು ತೊಟ್ಟು, ಮೈಮೇಲಿನ ಧೂಳನ್ನೆಲ್ಲ ಗಾಳಿಯ ಕೋಣೆಯೊಂದರಲ್ಲಿ ಹಾರಿಸಿಕೊಂಡು ಒಳಗೆ ಹೋಗಬೇಕು. ತಲೆಗೆ ಹಚ್ಚುವ ಕ್ರೀಮು, ಸೆಂಟು, ಡಿಯೋಡರೆಂಟು ಯಾವುದೂ ಕೂಡದು; ಅವುಗಳಲ್ಲಿ ಇರಬಹುದಾದ ಸಿಲಿಕೋನಿನ ಒಂದು ಕಣ ಹಸಿ ಬಣ್ಣದ ಮೇಲೆ ಬಿದ್ದರೆ ಅಲ್ಲೊಂದು ಸಣ್ಣ ಕುಳಿ ಏಳುತ್ತದೆ, ಇಡೀ ಬಾಗಿಲನ್ನು ಉಜ್ಜಿ ಮತ್ತೆ ಬಣ್ಣ ಹೊಡೆಯಬೇಕಾಗುತ್ತದೆ. ಜೋಡಣೆಯ ಲೈನಿನಲ್ಲಿ ಉಂಗುರ, ಕೈಗಡಿಯಾರ ಕಳಚಿಡಬೇಕು, ಬೆಲ್ಟಿನ ಬಕಲ್ಲಿಗೂ ಬಟ್ಟೆಯ ಮುಸುಕು ಇರಬೇಕು, ಗೀರು ಬೀಳಬಾರದೆಂದು. ಕೊನೆಯ ಹಂತದಲ್ಲಿ ಪ್ರತಿ ಕಾರನ್ನೂ ಎಲ್ಲ ದಿಕ್ಕಿನಿಂದ ನೀರು ಸುರಿಯುವ ಕೋಣೆಯೊಳಗೆ ನಿಲ್ಲಿಸಿ, ಎಲ್ಲಿಯಾದರೂ ಸೋರುತ್ತದೆಯೇ ಎಂದು ಒಳಗಿನ ಮ್ಯಾಟನ್ನು ಎತ್ತಿ ನೋಡುತ್ತಾರೆ. ಭಾಗಮಂಡಲದ ಆಟಿ ಮಳೆ ಕಂಡವರಿಗೆ ಆ ಪರೀಕ್ಷೆಯ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ಮಾತು. ಟೊಯೋಟಾ ಪದ್ಧತಿಯನ್ನು ಅನುಸರಿಸುವ ಕಾರ್ಖಾನೆಗಳಲ್ಲಿ ಪ್ರತಿ ಕೆಲಸಗಾರನ ಕೈಗೆಟಕುವಂತೆ ಒಂದು ಹಗ್ಗವೋ ಗುಂಡಿಯೋ ಇರುತ್ತದೆ. ತಪ್ಪು ಕಂಡರೆ ಅದನ್ನು ಎಳೆಯಬೇಕು. ತಲೆಯ ಮೇಲಿನ ಆಂಡನ್ ಫಲಕದಲ್ಲಿ ಅವನ ಸ್ಥಾನದ ದೀಪ ಹೊತ್ತುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾನೆ, ಕಾರು ಗೆರೆ ದಾಟುವುದರೊಳಗೆ ಸರಿಯಾಗದಿದ್ದರೆ ಲೈನೇ ನಿಲ್ಲುತ್ತದೆ. ನೂಲು ಹರಿದ ಕೂಡಲೇ ತಾನಾಗಿ ನಿಲ್ಲುವ ಮಗ್ಗವನ್ನು ಟೊಯೋಟಾ ಸಮೂಹದ ಮೂಲಪುರುಷ ಸಕಿಚಿ ಟೊಯೋಡಾ ಕಂಡುಹಿಡಿದಿದ್ದರು; ಈ ಪದ್ಧತಿಯ ಮೂಲ ಅದು. ಹೊಸ ಹುಡುಗರು ಹಗ್ಗ ಎಳೆಯಲು ಹೆದರುತ್ತಾರೆ, ಬೈಗುಳ ಬೀಳುತ್ತದೆಂದು. ನಿಮ್ಮ ಮಗನಿಗೆ ಹೇಳಿ: ಹಗ್ಗ ಎಳೆದವನನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ, ಬಿಗಿಯಾಗದ ಬೋಲ್ಟನ್ನು ಮುಚ್ಚಿಟ್ಟು ಮುಂದೆ ಕಳುಹಿಸಿದವನು ಮಾತ್ರ ಸಿಕ್ಕಿಬೀಳುತ್ತಾನೆ, ಏಕೆಂದರೆ ಆ ಬೋಲ್ಟಿನ ಬಿಗಿತ ಟೂಲಿನಲ್ಲಿಯೇ ದಾಖಲಾಗಿರುತ್ತದೆ.

ಬಿಚ್ಚುವ, ಹುಡುಕುವ ಕೆಲಸವೇ ಅವನಿಗೆ ಪ್ರಾಣವಾದರೆ ಮೇಂಟೆನೆನ್ಸ್ ವಿಭಾಗವನ್ನು ಕೇಳಿಕೊಳ್ಳಲಿ. ಅಲ್ಲಿ ಕೆಡುವುದು ಕಾರಲ್ಲ, ಕಾರು ಮಾಡುವ ಯಂತ್ರ; ತಲೆ ಓಡಿಸುವುದಕ್ಕೆ ಬೇಕಾದಷ್ಟು ಇದೆ.

ಪ್ರಶ್ನೆ: ಮೈಸೂರಿನ ಏಜೆನ್ಸಿಯೊಂದರ ಮೂಲಕ ನನಗೆ "ದೊಡ್ಡ ಕಾರು ಕಂಪನಿಯಲ್ಲಿ ಕೆಲಸ" ಸಿಕ್ಕಿದೆ. ಆದರೆ ಕೊಟ್ಟಿರುವ ಪತ್ರದಲ್ಲಿ ಕಂಪನಿಯ ಹೆಸರಿಲ್ಲ, ಏಜೆನ್ಸಿಯ ಹೆಸರಿದೆ. ಮೊದಲು ಏಳು ತಿಂಗಳು, ಆಮೇಲೆ ನೋಡೋಣ ಎನ್ನುತ್ತಾರೆ. ಒಳಗೆ ಹೋದರೆ ಸಾಕು, ಮುಂದೆ ಪರ್ಮನೆಂಟ್ ಆಗುತ್ತದೆ ಎಂದು ಸ್ನೇಹಿತರ ಸಲಹೆ. ಸೇರಬಹುದೆ?
– ಓದುಗ, ಸೋಮವಾರಪೇಟೆ

ಉತ್ತರ: ಸೇರುವುದು ಬಿಡುವುದು ನಿಮ್ಮ ಮನೆಯ ಸ್ಥಿತಿಯನ್ನು ಅವಲಂಬಿಸಿದೆ. ಆದರೆ ಯಾವ ಕಂಪನಿ ಎಂದು ಕೇಳುವ ಮೊದಲು ನಿಮ್ಮ ಪತ್ರಕ್ಕೆ ಸಹಿ ಹಾಕಿದವರು ಯಾರು ಎಂದು ನೋಡುವುದು ಎಲ್ಲಕ್ಕಿಂತ ಮುಖ್ಯ. ಈ ಅಂಕಣದಲ್ಲಿ ಉಳಿದದ್ದನ್ನೆಲ್ಲ ಮರೆತರೂ ಇದೊಂದನ್ನು ನೆನಪಿಡಬೇಕೆಂದು ಕೋರುತ್ತೇನೆ.

ಗೇಟಿನ ಒಳಗೆ ಎಲ್ಲರೂ ಒಂದೇ ಕ್ಯಾಂಟೀನಿನಲ್ಲಿ ಉಣ್ಣುತ್ತಾರೆ, ಒಂದೇ ಲೈನಿನಲ್ಲಿ ಅಕ್ಕಪಕ್ಕ ನಿಂತು ಅದೇ ಕಾರಿಗೆ ಕೈ ಹಾಕುತ್ತಾರೆ. ಆದರೆ ಅವರಲ್ಲಿ ಒಬ್ಬ ಕಂಪನಿಯ ಕಾಯಂ ನೌಕರ, ಪಕ್ಕದವನು ಕಂಪನಿಯ ಟ್ರೈನಿ, ಅದರಾಚೆಯವನು ಅಪ್ರೆಂಟಿಸ್, ಆ ತುದಿಯಲ್ಲಿರುವವನು ಗುತ್ತಿಗೆದಾರನ ಆಳು ಆಗಿರಬಹುದು. ಕಾಯಂ ನೌಕರನಿಗೆ ಒಪ್ಪಂದದ ಸಂಬಳ, ಐದು ವರ್ಷ ಪೂರೈಸಿದರೆ ಕೆಲಸ ಬಿಡುವಾಗ ಒಟ್ಟಿಗೆ ಸಿಗುವ ಗ್ರ್ಯಾಚ್ಯುಟಿ ಹಣ, ಯೂನಿಯನ್ನಿನ ಬಲ ಇವೆಲ್ಲ ಇವೆ. 1961ರ ಅಪ್ರೆಂಟಿಸ್ ಕಾಯಿದೆಯ ಕಣ್ಣಿನಲ್ಲಿ ಅಪ್ರೆಂಟಿಸ್ ಕಾರ್ಮಿಕನಲ್ಲ, ಕಲಿಯುವವನು. ಅವನಿಗೆ ಸಿಗುವುದು ಸಂಬಳವಲ್ಲ, ಸ್ಟೈಪೆಂಡ್. ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟಳೆ ಕಂಪನಿಗೆ ಇಲ್ಲ, ಆದರೆ ರಾಷ್ಟ್ರಮಟ್ಟದ ಪ್ರಮಾಣಪತ್ರ ಕೈಗೆ ಬರುತ್ತದೆ, ಅದಕ್ಕೆ ಬೇರೆಡೆ ಬೆಲೆ ಇದೆ. ನಿಮ್ಮ ಏಜೆನ್ಸಿಯಂಥ ಗುತ್ತಿಗೆದಾರನ ಮೂಲಕ ಹೋದವನಿಗೆ ಕೈಯಲ್ಲಿ ಉಳಿಯುವುದು ಹೆಚ್ಚೆಂದರೆ ಅನುಭವ.

ಈ ತಾರತಮ್ಯ ಸಣ್ಣ ವಿಷಯವಲ್ಲ. 2012ರ ಜುಲೈಯಲ್ಲಿ ಹರಿಯಾಣದ ಮಾನೇಸರ್‌ನಲ್ಲಿರುವ ಮಾರುತಿ ಸುಜುಕಿ ಕಾರ್ಖಾನೆಯಲ್ಲಿ ಹಿಂಸಾಚಾರ ನಡೆದು ಮಾನವ ಸಂಪನ್ಮೂಲ ವಿಭಾಗದ ಹಿರಿಯ ಅಧಿಕಾರಿಯೊಬ್ಬರು ಪ್ರಾಣ ಕಳೆದುಕೊಂಡರು. ಯಾವ ಕಾರಣವೂ ಆ ಕೃತ್ಯವನ್ನು ಸಮರ್ಥಿಸಲಾರದು. ಆದರೆ ಅದಕ್ಕೂ ಹಿಂದಿನ ವರ್ಷದಿಂದ ಅಲ್ಲಿ ಕುದಿಯುತ್ತಿದ್ದ ಅಸಮಾಧಾನದಲ್ಲಿ ಕಾಯಂ ಮತ್ತು ಗುತ್ತಿಗೆ ಕಾರ್ಮಿಕರ ನಡುವಿನ ಅಂತರವೂ ಒಂದಾಗಿತ್ತು.

ನಿಮ್ಮ ಸ್ನೇಹಿತರು ಹೇಳುವಂತೆ ಒಳಗೆ ಹೋದವರೆಲ್ಲ ಪರ್ಮನೆಂಟ್ ಆಗುವುದಿಲ್ಲ. ಕಾರಿಗೆ ಬೇಡಿಕೆ ಹೆಚ್ಚಿದಾಗ ಜನರನ್ನು ಸೇರಿಸಿಕೊಂಡು, ಇಳಿದಾಗ ಬಿಡಲು ಅನುಕೂಲವಾಗಲೆಂದೇ ಕಂಪನಿಗಳು ಈ ವ್ಯವಸ್ಥೆಯನ್ನು ಇಟ್ಟುಕೊಂಡಿರುತ್ತವೆ. ಏಳು ತಿಂಗಳು ಎಂಬ ಅವಧಿಯನ್ನೂ ಗಮನಿಸಿ: ವರ್ಷಕ್ಕೆ 240 ದಿನ ದುಡಿದರೆ ಕಾರ್ಮಿಕ ಕಾನೂನಿನಲ್ಲಿ ಕೆಲವು ಹಕ್ಕುಗಳು ಹುಟ್ಟುವ ಪರಿಪಾಠ ನಮ್ಮಲ್ಲಿ ಬಹುಕಾಲದಿಂದ ಇದೆ, ಅದಕ್ಕೆ ಸ್ವಲ್ಪ ಮೊದಲೇ ಅವಧಿ ಮುಗಿಸುವುದು ಹಳೆಯ ಜಾಣತನ.

ಆದರೂ ಸೇರುವುದಾದರೆ ಇಷ್ಟನ್ನು ನೋಡಿಕೊಳ್ಳಿ. ಕೆಲಸ ಕೊಡಿಸುವುದಕ್ಕೆ ಹಣ ಕೇಳಿದರೆ ಅಲ್ಲಿಂದಲೇ ಹಿಂದಿರುಗಿ. ಸರಿಯಾದ ಕಂಪನಿ ಯಾವುದೂ ಅಭ್ಯರ್ಥಿಯಿಂದ ಹಣ ಪಡೆಯುವುದಿಲ್ಲ. ಮೂಲ ಅಂಕಪಟ್ಟಿಯನ್ನು ಒತ್ತೆಯಿಟ್ಟುಕೊಳ್ಳಲು ಬಿಡಬೇಡಿ. ಭವಿಷ್ಯನಿಧಿಯ 12 ಅಂಕಿಯ ಯು.ಎ.ಎನ್. ಸಂಖ್ಯೆಯನ್ನು ಮೊದಲ ತಿಂಗಳೇ ಕೇಳಿ ಪಡೆದು, ಸಂಬಳದಿಂದ ಕಡಿತವಾದ ಹಣ ಖಾತೆಗೆ ಜಮೆಯಾಗಿದೆಯೇ ಎಂದು ಸರ್ಕಾರದ ಉಮಂಗ್ ಆ್ಯಪಿನಲ್ಲಿ ಪ್ರತಿ ತಿಂಗಳೂ ನೋಡಿ. ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ದುಪ್ಪಟ್ಟು ದರ ಸಿಗಬೇಕು. ಓಟಿಯ ಲೆಕ್ಕವನ್ನು ನಿಮ್ಮದೇ ಪುಸ್ತಕದಲ್ಲಿ ಬರೆದಿಡಿ. ಗುತ್ತಿಗೆದಾರ ಕೂಲಿ ಕೊಡದೆ ಕೈ ಎತ್ತಿದರೆ ಮುಖ್ಯ ಕಂಪನಿ ಕೊಡಬೇಕೆಂಬ ನಿಯಮವನ್ನು 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯೇ ತಂದಿತ್ತು. ಆದ್ದರಿಂದ ಗೇಟ್ ಪಾಸ್, ಹಾಜರಿಯ ಫೋಟೊ, ಸಂಬಳದ ಚೀಟಿ ಯಾವುದನ್ನೂ ಎಸೆಯಬೇಡಿ.

ಪ್ರಶ್ನೆ: ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ, ಗಣಿತದಲ್ಲಿ ಚುರುಕು. ನಾವು ಕಾಫಿ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಇರುವವರು, ಕಾಲೇಜು ಓದಿಸುವ ಶಕ್ತಿ ಇಲ್ಲ. ಕಾರು ಕಂಪನಿಯವರೇ ಓದಿಸುತ್ತಾರೆ ಎಂದು ಕೇಳಿದ್ದೇವೆ. ಹೆಣ್ಣುಮಕ್ಕಳಿಗೆ ಅದು ಆಗಿಬರುತ್ತದೆಯೆ?
– ತಂದೆ, ಸಿದ್ದಾಪುರ

ಉತ್ತರ: ನೀವು ಕೇಳಿರುವುದು ನಿಜ. ಟೊಯೋಟಾ ಕಿರ್ಲೋಸ್ಕರ್ ಕಂಪನಿ ಬಿಡದಿಯಲ್ಲಿ 2007ರಿಂದ ತಾಂತ್ರಿಕ ತರಬೇತಿ ಸಂಸ್ಥೆಯೊಂದನ್ನು ನಡೆಸುತ್ತಿದೆ. ಕರ್ನಾಟಕದ ಗ್ರಾಮೀಣ ಭಾಗದ, ಆರ್ಥಿಕವಾಗಿ ಹಿಂದುಳಿದ ಕುಟುಂಬಗಳ ಮಕ್ಕಳನ್ನು ಹತ್ತನೆಯ ತರಗತಿಯ ನಂತರ ಆರಿಸಿಕೊಂಡು, ಮೂರು ವರ್ಷ ಅಲ್ಲಿಯೇ ಇರಿಸಿಕೊಂಡು ಜೋಡಣೆ, ವೆಲ್ಡಿಂಗ್, ಪೇಂಟಿಂಗ್, ಮೆಕಾಟ್ರಾನಿಕ್ಸ್ ಮುಂತಾದುವನ್ನು ಕಲಿಸುತ್ತಾರೆ. ಮೊದಲು ಹುಡುಗರಿಗೆ ಮಾತ್ರವಿದ್ದ ಪ್ರವೇಶ ಈಗ ಹುಡುಗಿಯರಿಗೂ ಇದೆ. ಆಯ್ಕೆಗೆ ಪರೀಕ್ಷೆ ಇರುತ್ತದೆ, ಸ್ಪರ್ಧೆಯೂ ಬಿಗಿ. ಗಣಿತದ ಚುರುಕು ಅಲ್ಲಿ ಕೆಲಸಕ್ಕೆ ಬರುತ್ತದೆ. ಅರ್ಜಿಯ ದಿನಾಂಕವನ್ನು ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಈಗಲೇ ವಿಚಾರಿಸಿ.

ಹೆಣ್ಣುಮಕ್ಕಳಿಗೆ ಆಗಿಬರುತ್ತದೆಯೇ ಎಂಬುದಕ್ಕೆ: ಭಾರವನ್ನು ಎತ್ತುವ ಕೆಲಸವನ್ನು ಈಗ ಹೆಚ್ಚಾಗಿ ಯಂತ್ರವೇ ಮಾಡುತ್ತದೆ. ಸೀಟನ್ನು, ಚಕ್ರವನ್ನು ಮೇಲಿನಿಂದ ತೂಗುವ ಕೈಯೊಂದು ಹಿಡಿದುಕೊಡುತ್ತದೆ. ದಿನವಿಡೀ ರೊಬಸ್ಟಾ ಕಾಫಿ ಕುಯ್ದು, ಚೀಲ ಹೊತ್ತು ಇಳಿಜಾರಿನಲ್ಲಿ ನಡೆದ ತಾಯಿಯ ಮಗಳಿಗೆ ಆ ದುಡಿಮೆ ಹೆಚ್ಚೇನೂ ಅಲ್ಲ. ರಾತ್ರಿ ಶಿಫ್ಟಿಗೆ ಅವಳ ಒಪ್ಪಿಗೆ ಬೇಕು, ಮನೆಬಾಗಿಲಿನವರೆಗೆ ವಾಹನದ ಮತ್ತು ರಕ್ಷಣೆಯ ವ್ಯವಸ್ಥೆಯನ್ನು ಕಂಪನಿ ಮಾಡಬೇಕು. ಮುಂದೆ ಮದುವೆಯಾಗಿ ಮಗುವಾದರೆ 26 ವಾರಗಳ ಸಂಬಳಸಹಿತ ಹೆರಿಗೆ ರಜೆ ಕಾನೂನಿನಲ್ಲಿಯೇ ಇದೆ.

ಪ್ರಶ್ನೆ: ನಮ್ಮ ಸುಗ್ಗಿಯ ಹಬ್ಬ ಹುತ್ತರಿಗೆ ರಜೆ ಸಿಗುತ್ತದೆಯೆ?
– ಓದುಗ, ನಾಪೋಕ್ಲು

ಉತ್ತರ: ಕಂಪನಿಯ ಪಟ್ಟಿಯಲ್ಲಿ ಸಿಗುವುದು ಅಪರೂಪ. ಕರ್ನಾಟಕದ 1963ರ ಕಾಯಿದೆಯ ಪ್ರಕಾರ ಕಾರ್ಖಾನೆಗಳು ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಮತ್ತು ಇನ್ನೈದು ಹಬ್ಬಗಳಿಗೆ ರಜೆ ಕೊಡಬೇಕು. ಆ ಐದರಲ್ಲಿ ಯುಗಾದಿ, ದಸರೆ, ದೀಪಾವಳಿ ನುಸುಳುತ್ತವೆ. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತವಾಗಲಿ ಹುತ್ತರಿಯಾಗಲಿ ಬಯಲುಸೀಮೆಯ ಕಾರ್ಖಾನೆಗೆ ತಿಳಿದಿರುವುದಿಲ್ಲ. ದುಡಿದ ಪ್ರತಿ 20 ದಿನಕ್ಕೆ 1 ದಿನದಂತೆ ಸೇರುವ ಗಳಿಕೆ ರಜೆಯನ್ನು ಇದಕ್ಕಾಗಿ ಉಳಿಸಿಕೊಳ್ಳಬೇಕು. ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ಹುತ್ತರಿಯ ಮುಹೂರ್ತ ಗೊತ್ತಾದ ದಿನವೇ ಅರ್ಜಿ ಕೊಡುವುದು ಒಳ್ಳೆಯದು, ಏಕೆಂದರೆ ಲೈನಿನಲ್ಲಿ ಒಬ್ಬ ರಜೆ ಹಾಕಿದರೆ ಅವನ ಸ್ಥಾನದಲ್ಲಿ ಆ ಕೆಲಸ ಬಲ್ಲ ಇನ್ನೊಬ್ಬ ನಿಲ್ಲಲೇಬೇಕು. ನಮ್ಮಲ್ಲಿ ಕೊಡಗಿನ ಹುಡುಗರು ದಸರೆಯಲ್ಲಿ ಬೇರೆಯವರ ಜಾಗದಲ್ಲಿ ನಿಂತು, ಹುತ್ತರಿಗೆ ಅವರನ್ನು ತಮ್ಮ ಜಾಗದಲ್ಲಿ ನಿಲ್ಲಿಸುತ್ತಿದ್ದರು. ಕೊಡಗಿಗೆ ರೈಲು ಇಲ್ಲದಿರುವುದರಿಂದ ರಾತ್ರಿ ಶಿಫ್ಟ್ ಮುಗಿಸಿ ಬರುವವರು ಬಿಡದಿಯಿಂದ ಮೈಸೂರಿನವರೆಗೆ ರೈಲು ಹಿಡಿದು ಅಲ್ಲಿಂದ ಬಸ್ಸಿನಲ್ಲಿ ಬರುವುದೇ ಸುಖ. ಬೈಕಿನಲ್ಲಿ ನಿದ್ದೆಗಣ್ಣಿನಿಂದ ಬರಬೇಡಿ.

ಪ್ರಶ್ನೆ: ಪೊನ್ನಂಪೇಟೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೇನೆ. ಕಾರಿನ ವಿನ್ಯಾಸ ಮಾಡಬೇಕೆಂಬ ಆಸೆ. ಎಂಜಿನಿಯರುಗಳ ಬದುಕು ಲೈನಿನವರಿಗಿಂತ ಎಷ್ಟು ಭಿನ್ನ?
– ವಿದ್ಯಾರ್ಥಿನಿ

ಉತ್ತರ: ಒಂದು ಕಾರಿನಲ್ಲಿ ಸ್ಕ್ರೂ, ನಟ್ಟುಗಳನ್ನೂ ಎಣಿಸಿದರೆ ಸುಮಾರು 30,000 ಬಿಡಿಭಾಗಗಳಿವೆ, ಅವುಗಳಲ್ಲಿ ಬಹುಪಾಲು ಹೊರಗಿನ ಪೂರೈಕೆದಾರರಿಂದ ಬರುತ್ತವೆ. ಆದ್ದರಿಂದ ಕಾರು ಕಂಪನಿಯ ಎಂಜಿನಿಯರ್ ಎಂದರೆ ಇಡೀ ಕಾರನ್ನು ಗೀಚುವವರಲ್ಲ. ಬಾಗಿಲಿನ ಹಿಂಜಿನ ಮೇಲೆಯೇ ವರ್ಷಗಳನ್ನು ಕಳೆದ ಸಮರ್ಥರನ್ನು ನಾನು ಬಲ್ಲೆ. ಕಾರ್ಖಾನೆಯಲ್ಲಿರುವ ಎಂಜಿನಿಯರುಗಳಲ್ಲಿ ಅನೇಕರ ಸಮಯ ಹೋಗುವುದು ಪೂರೈಕೆದಾರರೊಡನೆ ವಾದಿಸುವುದರಲ್ಲಿ, ಅರ್ಧ ಮಿಲಿಮೀಟರಿನ ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕುವುದರಲ್ಲಿ, ಅದನ್ನು ಮೀಟಿಂಗಿನಲ್ಲಿ ವಿವರಿಸುವುದರಲ್ಲಿ. ಇದನ್ನು ಕೀಳೆಂದು ತಿಳಿಯಬಾರದು. ಕಾರಿನ ಗುಣಮಟ್ಟ ನಿಂತಿರುವುದು ಇದರ ಮೇಲೆಯೇ.

ವಿನ್ಯಾಸ, ವಿಶ್ಲೇಷಣೆಯ ಕೆಲಸವೇ ಬೇಕಾದರೆ ಬೆಂಗಳೂರಿನಲ್ಲಿ ಅವಕಾಶ ಹೆಚ್ಚು. ಮರ್ಸಿಡಿಸ್-ಬೆನ್ಜ್ 1996ರಿಂದಲೂ ಅಲ್ಲಿ ಸಂಶೋಧನಾ ಕೇಂದ್ರವನ್ನು ನಡೆಸುತ್ತಿದೆ. ಕಾರಿನ ಬಿಡಿಭಾಗ ತಯಾರಿಸುವ ಬಾಷ್ ಕಂಪನಿಯ ದೊಡ್ಡ ತಂಡವೂ ಇದೆ. ಅಲ್ಲಿ ಗ್ರೀಸು ಕೈಗೆ ಹತ್ತುವುದಿಲ್ಲ, ಕಂಪ್ಯೂಟರಿನ ಮುಂದೆ ಅಪಘಾತದ ಲೆಕ್ಕ, ಗಾಳಿಯ ಲೆಕ್ಕ ಹಾಕಬೇಕು, ಸಂಜೆ ವಿದೇಶದ ಕಚೇರಿಯವರೊಡನೆ ಮಾತುಕತೆ. ನನ್ನ ಸಲಹೆ ಕೇಳಿದರೆ, ಮೊದಲ ಎರಡು ವರ್ಷವಾದರೂ ಕಾರ್ಖಾನೆಯ ನೆಲದ ಮೇಲೆ ಕಳೆಯಿರಿ. ಕೈ ಹೋಗದ ಜಾಗದಲ್ಲಿ ಬೋಲ್ಟ್ ಇಟ್ಟು ಚಿತ್ರ ಬರೆದ ವಿನ್ಯಾಸಕಾರರನ್ನು ಲೈನಿನವರು ಏನೆಂದು ಶಪಿಸುತ್ತಾರೆಂಬುದನ್ನು ಕಿವಿಯಾರೆ ಕೇಳಿದವರು ಆಮೇಲೆ ಅಂಥ ಚಿತ್ರ ಬರೆಯುವುದಿಲ್ಲ.

ಪ್ರಶ್ನೆ: ತಮ್ಮ ಲೈನಿನಲ್ಲಿ ಕೆಲವು ವರ್ಷಗಳಿಂದ ದುಡಿಯುತ್ತಿದ್ದಾನೆ. ಭುಜದ ನೋವು ಎನ್ನುತ್ತಾನೆ, ಆದರೆ ಸೂಪರ್‌ವೈಸರಿಗೆ ಹೇಳಲು ಒಲ್ಲೆ ಎನ್ನುತ್ತಾನೆ. ಬಿಟ್ಟು ಬಂದು ತೋಟ ನೋಡಿಕೊಳ್ಳಲಿ ಎಂದು ಅಪ್ಪ. ನಾವೇನು ಹೇಳಬೇಕು?
– ಅಣ್ಣ, ಶನಿವಾರಸಂತೆ

ಉತ್ತರ: ಮೊದಲು ಕಂಪನಿಯ ವೈದ್ಯರಿಗೆ ತೋರಿಸಿ ಅದನ್ನು ದಾಖಲೆಯಲ್ಲಿ ಬರೆಸಲಿ. ತಲೆಯ ಮೇಲೆ ಕೈ ಎತ್ತಿ ಮಾಡುವ ಕೆಲಸ ಭುಜವನ್ನು, ಬಾಗಿ ಮಾಡುವ ಕೆಲಸ ಸೊಂಟವನ್ನು, ಒತ್ತಿ ಕೂರಿಸುವ ಕ್ಲಿಪ್ಪುಗಳು ಹೆಬ್ಬೆರಳನ್ನು ತಿನ್ನುತ್ತವೆ ಎಂಬುದು ಎಲ್ಲ ಕಾರ್ಖಾನೆಗಳಿಗೂ ಗೊತ್ತು. ಅದಕ್ಕಾಗಿಯೇ ಒಳ್ಳೆಯ ಲೈನುಗಳಲ್ಲಿ ಎರಡು ಗಂಟೆಗೊಮ್ಮೆ ಸ್ಥಾನ ಬದಲಿಸುತ್ತಾರೆ. ನಿಮ್ಮ ತಮ್ಮ ಒಂದೇ ಕೆಲಸವನ್ನು ಕಲಿತಿದ್ದರೆ ಬದಲಿಸಲು ಆಗುವುದಿಲ್ಲ. ಹಾಗಾಗಿ ಪಕ್ಕದ ಮೂರು ನಾಲ್ಕು ಸ್ಥಾನಗಳ ಕೆಲಸವನ್ನು ಕಲಿಯುವುದು ಬಡ್ತಿಗಿಂತ ಹೆಚ್ಚಾಗಿ ಅವನ ಭುಜಕ್ಕೆ ಒಳ್ಳೆಯದು. ನೌಕರರ ರಾಜ್ಯ ವಿಮೆಯ (ಇ.ಎಸ್.ಐ.) ವ್ಯಾಪ್ತಿಯಲ್ಲಿದ್ದರೆ ಚಿಕಿತ್ಸೆ ಮಾತ್ರವಲ್ಲ, ವೈದ್ಯರು ಬರೆದುಕೊಟ್ಟ ರಜೆಯ ದಿನಗಳಿಗೂ ಭತ್ಯೆ ಸಿಗುತ್ತದೆ.

ಬಿಟ್ಟು ಬರುವ ವಿಷಯದಲ್ಲಿ ಅವಸರ ಬೇಡ. ಕಾಯಂ ಆಗಿ ನಾಲ್ಕು ವರ್ಷ ಕಳೆದವನು ಐದು ತುಂಬುವ ಮೊದಲು ರಾಜೀನಾಮೆ ಕೊಟ್ಟರೆ ಗ್ರ್ಯಾಚ್ಯುಟಿ ಕಳೆದುಕೊಳ್ಳಬಹುದು. ತೋಟದ ಆದಾಯ ಎಷ್ಟು ಮನೆಗಳನ್ನು ಸಾಕುತ್ತದೆ ಎಂಬುದನ್ನು ಅಪ್ಪ, ನೀವು, ತಮ್ಮ ಮೂವರೂ ಕುಳಿತು ಲೆಕ್ಕ ಹಾಕಿ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಅನೇಕ ಮನೆಗಳಲ್ಲಿ ಗೊಬ್ಬರಕ್ಕೆ ಹಣ ಬಂದದ್ದು ಕಾರ್ಖಾನೆಯ ಸಂಬಳದಿಂದಲೇ.

ಪ್ರಶ್ನೆ: ಎಲೆಕ್ಟ್ರಿಕ್ ಕಾರುಗಳು ಬಂದ ಮೇಲೆ ಈ ಕೆಲಸಗಳು ಉಳಿಯುತ್ತವೆಯೆ?
– ಓದುಗ, ವಿರಾಜಪೇಟೆ

ಉತ್ತರ: ಎಂಜಿನ್, ಗೇರ್‌ಬಾಕ್ಸ್, ಸೈಲೆನ್ಸರ್, ಇಂಧನದ ಪಂಪು ಇವುಗಳನ್ನು ಮಾಡುವ ಘಟಕಗಳಿಗೆ ಏಟು ಬೀಳುತ್ತದೆ. ಬಾಗಿಲು ಒತ್ತುವುದು, ವೆಲ್ಡ್ ಮಾಡುವುದು, ಬಣ್ಣ ಹೊಡೆಯುವುದು, ಸೀಟು ಗಾಜು ಕೂರಿಸುವುದು ಯಾವ ಕಾರಿಗಾದರೂ ಬೇಕು. ನಮ್ಮ ರಾಜ್ಯಕ್ಕೆ ಇದು ಹೊಸದೂ ಅಲ್ಲ. ರೇವಾ ಎಂಬ ಎಲೆಕ್ಟ್ರಿಕ್ ಕಾರು ಬೆಂಗಳೂರಿನಿಂದ 2001ರಲ್ಲಿಯೇ ಬಂದಿತ್ತು. ಹೊಸದಾಗಿ ಕಲಿಯಬೇಕಾದುದು ವಿದ್ಯುತ್ತಿನ ಎಚ್ಚರ. ಈ ಕಾರುಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ನೂರಾರು ವೋಲ್ಟ್ ಹರಿಯುತ್ತದೆ. ತರಬೇತಿ ಪಡೆದವರು, ಅದೂ ಪ್ರತ್ಯೇಕ ಕೈಗವಸು ತೊಟ್ಟು, ಬ್ಯಾಟರಿಯ ಸಂಪರ್ಕ ಕಡಿದ ಮೇಲೆಯೇ ಅವುಗಳನ್ನು ಮುಟ್ಟಬೇಕು. ಈಗ ಐ.ಟಿ.ಐ. ಸೇರುವವರು ಫಿಟ್ಟರ್ ಮತ್ತು ಎಲೆಕ್ಟ್ರಿಷಿಯನ್ ನಡುವೆ ತೂಗುತ್ತಿದ್ದರೆ ಎಲೆಕ್ಟ್ರಿಷಿಯನ್ ಆರಿಸಿಕೊಳ್ಳಲಿ ಎಂದು ನಾನು ಹೇಳುತ್ತೇನೆ.

ಪ್ರಶ್ನೆ: ಕಂಪನಿಯಲ್ಲಿ ದುಡಿಯುವವರಿಗೆ ಕಾರು ಕಡಿಮೆ ಬೆಲೆಗೆ ಸಿಗುತ್ತದೆಯಂತೆ, ನಿಜವೆ?
– ಓದುಗ, ಕುಶಾಲನಗರ

ಉತ್ತರ: ಕಾಯಂ ನೌಕರರಿಗೆ ರಿಯಾಯಿತಿ ಕೊಡುವ ಕಂಪನಿಗಳಿವೆ. ಟ್ರೈನಿ, ಗುತ್ತಿಗೆಯವರಿಗೆ ಸಾಮಾನ್ಯವಾಗಿ ಇರುವುದಿಲ್ಲ. ರಿಯಾಯಿತಿಯಲ್ಲಿ ಕೊಂಡ ಕಾರನ್ನು ಇಂತಿಷ್ಟು ಕಾಲ ಮಾರಬಾರದೆಂಬ ಷರತ್ತು ಇರಬಹುದು. ನೆಂಟರ ಸಲುವಾಗಿ ನೌಕರನ ಹೆಸರಿನಲ್ಲಿ ಕಾರು ತೆಗೆಸುವ ಯೋಚನೆಯಿದ್ದರೆ ಆ ಷರತ್ತನ್ನು ಓದಿ ನೋಡಿದ ಮೇಲೆಯೇ ಮುಂಗಡ ಕೊಡಿ.